ನನ್ನ ಗವಸು, ಅವರ ಕೈ

ದಾವಣಗೆರೆ
2141, ಹದಿಮೂರನೇ ತಿಂಗಳ ಮೂವತ್ತೆರಡು

ತಂಗಿ,

ತಾರೀಖು ನೋಡಿ ನಗಬೇಡ. ನಮ್ಮ ಬೇಸಿಗೆ ಹನ್ನೆರಡು ತಿಂಗಳಲ್ಲಿ ಹಿಡಿಸದೆ ಇನ್ನೊಂದನ್ನು ಸೇರಿಸಿಕೊಂಡಿದ್ದೇವೆ. ನೂರಕ್ಕೂ ಹೆಚ್ಚು ವರ್ಷ ಹಿಂದಿನ ಕಾಲದಲ್ಲಿರುವ ನೀನು ನನ್ನ ಮುತ್ತಜ್ಜಿಗೂ ಹಿರಿಯಳು. ಆದರೆ ಪಾರ್ಶ್ವವಾಯು ಬಡಿದ ನಮ್ಮಿಬ್ಬರ ಬಲಗೈಗಳು ಒಂದೇ ಓರಗೆಯವು, ಅದಕ್ಕೇ ತಂಗಿ ಅಂದೆ. ಮಾತು ವಿಚಿತ್ರವೆನಿಸಿದರೆ ಕ್ಷಮಿಸು. ಅಕ್ಷರ ಸೊಟ್ಟಗಿದ್ದರೆ ಅದು ಕಾಲದ ತಪ್ಪಲ್ಲ, ಎಡಗೈಯದು.

ನಿಮ್ಮ ಕಾಲದಲ್ಲಿ ಈಗಷ್ಟೇ ಮನೆಗಳಿಗೆ ಬರುತ್ತಿರುವ ಯಂತ್ರದ ಕೈಗವಸನ್ನು ನಾವು ನರಗವಸು ಎನ್ನುತ್ತೇವೆ. ಸೊಳ್ಳೆಪರದೆಯಷ್ಟು ತೆಳು. ತೊಟ್ಟು ಬೆರಳು ಮಡಚಿ ಬಿಚ್ಚಿದರೆ ಎಣಿಸುತ್ತದೆ, ಭೇಷ್ ಎನ್ನುತ್ತದೆ, ಚಿಕಿತ್ಸಾ ಕೇಂದ್ರಕ್ಕೆ ವರದಿ ಒಪ್ಪಿಸುತ್ತದೆ. ನಮ್ಮ ಬೀದಿಗಳ ಮೇಲೆ ನೆರಳುಬಟ್ಟೆಯಿದೆ. ಬಿಸಿಲೇರಿದಂತೆ ತಾನೇ ಬಿಚ್ಚಿಕೊಳ್ಳುವ ಚಪ್ಪರ. ಅದರ ಕೆಳಗೆ ಜಗಲಿಯಲ್ಲಿ ಕೂತು ನನ್ನ ಯಜಮಾನರು ಮರುಳಸಿದ್ಧಪ್ಪ ಪ್ರಾಸ ಕಟ್ಟಿ ವ್ಯಾಯಾಮ ಮಾಡಿಸುತ್ತಿದ್ದರು: "ಮಡಚು ಮಡಚು ಮಲ್ಲಿಗೆ ಮೊಗ್ಗು, ಬಿಚ್ಚು ಬಿಚ್ಚು, ಯಾಕೆ ಸಿಗ್ಗು?" ಬೀದಿಯ ಚಪ್ಪರ ಬಿಚ್ಚಿಕೊಳ್ಳುತ್ತಿತ್ತು, ನನ್ನ ಮೊಗ್ಗು ಬಿಚ್ಚುತ್ತಿರಲಿಲ್ಲ. ನೋವಿಗೆ ನಾನು ಅತ್ತರೆ ಇವತ್ತಿಗೆ ಸಾಕೆಂದು ಗವಸು ಕಳಚಿ ಅಡುಗೆಮನೆಗೆ ಒಯ್ಯುತ್ತಿದ್ದರು. ಒಗೆಯಲು ಅಂದುಕೊಂಡಿದ್ದೆ. ಮರುದಿನ ಗವಸು ನನ್ನನ್ನು ಹೊಗಳಿದ್ದೇ ಹೊಗಳಿದ್ದು. ಅಷ್ಟು ಮಾಡಿದರೆ ಸಾಕೇನೋ ಎಂದು ನಂಬಿದೆ.

ದಸರಾ ಹೊತ್ತಿಗೆ ಕೇಂದ್ರದಿಂದ ಹುಡುಗಿಯೊಬ್ಬಳು ಗವಸು ವಾಪಸು ಒಯ್ಯಲು ಬಂದಳು. ಕೈ ಪೂರ್ತಿ ಗುಣವಾಗಿದೆಯಂತೆ, ನೆಟಿಗೆಯನ್ನೂ ಮುರಿಯುತ್ತಿದ್ದೀರಂತೆ ಎಂದಳು. ನಮ್ಮ ಮನೆಯಲ್ಲಿ ಹೊತ್ತುಗೊತ್ತಿಲ್ಲದೆ ನೆಟಿಗೆ ಮುರಿಯುವವರು ಒಬ್ಬರೇ. ತಿರುಗಿ ನೋಡಿದೆ. ಅವರು ಬಲಗೈಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡಿದ್ದರು.

"ನೀ ಅಳೋದು ನೋಡಕ್ಕಾಗ್ಲಿಲ್ಲ ಕಣೇ. ಅಡುಗೆಮನೇಲಿ ಗವಸು ತೊಟ್ಕೊಂಡು ನಿನ್ ಪಾಲಿಂದೂ ನಾನೇ ಮಾಡ್ದೆ."

ಗವಸು ಮನೆಯಲ್ಲೇ ಉಳಿಯಿತು. ಆದರೆ ಪಾರ್ಶ್ವವಾಯು ಬಡಿದ ಮೇಲೆ ನರ ಹೊಸ ದಾರಿ ಕಲಿಯುವ ಮೊದಲ ತಿಂಗಳುಗಳು ಕಳೆದುಹೋಗಿದ್ದವು. ಕೈ ಮುಷ್ಟಿಯಾಗಿ ಬಿಗಿಯಿತು. ನಾನು ಬೈಯಲಿಲ್ಲ, ಬೈದಿದ್ದರೆ ಅವರೂ ಅತ್ತು ಹಗುರಾಗುತ್ತಿದ್ದರೇನೋ. ಅಂದಿನಿಂದ ಅವರು ನೆಟಿಗೆ ಮುರಿಯಲಿಲ್ಲ, ಪ್ರಾಸ ಕಟ್ಟಲಿಲ್ಲ.

ಹೋದ ತಿಂಗಳು, ಕೊನೆಯ ಉಸಿರಿಗೆ ಮುಂಚೆ, ನನ್ನ ಮುಷ್ಟಿ ಹಿಡಿದು ಬೆರಳುಗಳನ್ನು ಒಂದೊಂದಾಗಿ ತಾವೇ ಬಿಡಿಸಿ, ತಮ್ಮ ಹೆಬ್ಬೆರಳನ್ನು ಒಳಗಿಟ್ಟರು. ಮಡಚು ಮಡಚು ಅಂದರು. ಬಿಚ್ಚು ಅನ್ನುವಷ್ಟು ಉಸಿರಿರಲಿಲ್ಲ.

ತಂಗಿ, ನಿನ್ನ ಗವಸನ್ನು ನೀನೇ ತೊಡು. ನೋವಾದರೆ ಅಳು, ಆದರೆ ತೊಡು. ಗಂಡ ಪಕ್ಕದಲ್ಲಿ ಕೂತು ಹಾಡಲಿ, ಅಷ್ಟು ಸಾಕು.

ಅವರನ್ನು ಎತ್ತುವಾಗ ನಾಲ್ಕು ಜನ ಸೇರಿ ನನ್ನ ಬೆರಳು ಬಿಡಿಸಬೇಕಾಯಿತು. ಬಿಡಬೇಡ ಅಂದಿದ್ದೆ, ಅದೊಂದು ಸಲ ಕೈ ನನ್ನ ಮಾತು ಕೇಳಿತು.

ನಿನ್ನ ಅಕ್ಕ,
ನೀಲಗಂಗಮ್ಮ