ಬೆಳಕಿನ ನೆಲಹಾಸು

ಅಪಾ, ನನ್ನಮ್ಮಾ, ನೀನು ತೀರಿಹೋಗಿ ವರ್ಷ ತುಂಬಿದ ಊಟ ಮುಗಿದ ಮರುವಾರವೇ ನಿನ್ನ ಮಗಳು ಮಾಡಿದ ವಿಡಿಯೋ ಗೇಮ್ ನಮ್ಮ ನಾರಿನ್ ಪಟ್ಟಣದ ಕಲಾ ಪ್ರದರ್ಶನಕ್ಕೆ ಹೋಯಿತು. ಈ ಕಾಗದ ನಿನಗೆ ತಲುಪುವುದಿಲ್ಲ, ಆದರೂ ನಿನಗೆ ಹೇಳದೆ ಇರಲಾರೆ.

ಆಯ್ಕೆ ಮಾಡುವವರು ಯಾರು ಅಂತೀಯ, ನಿನ್ನ ಜೊತೆ ಕೂತು ಉಣ್ಣೆಯ ನೆಲಹಾಸು ಶಿರ್ಡಾಕ್ ಹೊಲಿಯುತ್ತಿದ್ದ, ಊರಿಗೆಲ್ಲ ಅಕ್ಕನಾದ ಉಲ್ಕಾನ್ ಎಜೆ. ಅವರದೂ ನಿನ್ನದೇ ಮಾತು: ಕೈಗೆ ತಾಗದ್ದು ಕಲೆಯಲ್ಲ.

"ಕರೆಂಟ್ ಹೋದ್ರೆ ನಿನ್ನ ಕಲೆ ಎಲ್ಲಿಗೆ ಹೋಗುತ್ತೆ ಹುಡುಗಿ?"

"ಹುಳ ತಿಂದ ಮೇಲೆ ನಿಮ್ಮ ಶಿರ್ಡಾಕ್ ಎಲ್ಲಿಗೆ ಹೋಗುತ್ತೋ ಅಲ್ಲಿಗೇ, ಎಜೆ."

"ಥೇಟ್ ನಿಮ್ಮಮ್ಮನದೇ ಬಾಯಿ," ಎಂದು ಗೊಣಗುತ್ತಲೇ ನನಗೊಂದು ಮೂಲೆಯ ಕೋಣೆ ಕೊಟ್ಟರು.

ನನ್ನ ಆಟ ಗೋಡೆಯ ಮೇಲಲ್ಲ, ನೆಲದ ಮೇಲೆ ಬೆಳಕಾಗಿ ಬೀಳುತ್ತದೆ. ಆಡುವವರು ನಡೆದಂತೆ, ನೀನು ಹೊಲಿಯುತ್ತಿದ್ದ ಟಗರಿನ ಕೊಂಬಿನ ಚಿತ್ತಾರಗಳು ಅವರ ಕಾಲಡಿಯಲ್ಲಿ ಕೆಂಪಾಗಿ, ನೀಲಿಯಾಗಿ ಸುರುಳಿ ಬಿಚ್ಚುತ್ತವೆ.

ನಿನ್ನೆ ಎಜೆ ಅದನ್ನು ನೋಡಲು ಬಂದರು. ಬೆಳಕಿನ ಅಂಚಿನಲ್ಲಿ ನಿಂತು, ಬಗ್ಗಿ ಬೂಟು ಕಳಚಿಟ್ಟು, ಕಾಲುಚೀಲದಲ್ಲೇ ಒಳಗೆ ಹೆಜ್ಜೆಯಿಟ್ಟರು.

ಕಾವಲುಗಾರ ನಕ್ಕುಬಿಟ್ಟ. "ಎಜೆ, ಅದು ಬರೀ ಬೆಳಕು. ಕೆಳಗಿರೋದು ಸಿಮೆಂಟು, ಕಾಲು ತಣ್ಣಗಾಗುತ್ತೆ."

ಎಜೆ ತಮ್ಮ ಕಾಲನ್ನೇ ನೋಡಿಕೊಂಡರು. ಬೂಟನ್ನು ಮಾತ್ರ ಮತ್ತೆ ಹಾಕಿಕೊಳ್ಳಲಿಲ್ಲ.

"ಇರಲಿ ಬಿಡಪ್ಪ. ಇವಳಮ್ಮನ ಹಾಸಿನ ಮೇಲೆ ನಾನು ಯಾವತ್ತೂ ಬೂಟಲ್ಲಿ ನಿಂತೋಳಲ್ಲ."

ಆಮೇಲೆ ನಾನೂ ನನ್ನ ಬೂಟು ಕಳಚಿಟ್ಟೆ. ಅವರ ಬೂಟಿಗೆ ಒತ್ತಿ ಇಡಲಿಲ್ಲ. ನಡುವೆ ಇನ್ನೊಂದು ಜೊತೆ ಬೂಟಿಗೆ ಆಗುವಷ್ಟು ಜಾಗ ಬಿಟ್ಟೆ, ಅಪಾ.