ಮಾವ ಕೂರಿಸಿದ ಟೈಮಿಂಗ್

೪-೨-೨೦೦೮, ಸೋಮವಾರ

ಬೆಳಿಗ್ಗೆಯಿಂದ ಎಂಜಿನ್ನಿನ ಹೆಡ್ಡು ತೊಳೆದದ್ದೇ ಆಯಿತು. ಉಗುರೊಳಗೆಲ್ಲ ಕಾರ್ಬನ್. ಸೀಮೆಎಣ್ಣೆ ವಾಸನೆ ಹೋಗುವುದಿಲ್ಲ, ಅತ್ತೆ ಅಡುಗೆಮನೆಗೆ ಬಿಡುವುದಿಲ್ಲ — ನನಗೂ ಅದೇ ಬೇಕು.

ಕ್ಯಾಂಪಿನ ಎರಡನೇ ಗಾಡಿ ಇದು. ಬೆಟ್ಟದ ಬುಡದಲ್ಲಿ ಹೊಸದಾಗಿ ಆಗಿರುವ ಕ್ಯಾಂಪು. ಶನಿವಾರ ಭಾನುವಾರ ಬೆಂಗಳೂರಿನವರು ಬಂದು ಈ ನಾಲ್ಕು ಚಕ್ರದ ಬೈಕುಗಳನ್ನು ಮಣ್ಣಲ್ಲಿ ಓಡಿಸಿ, ಧೂಳು ಕುಡಿದು, ಫೋಟೋ ಹಿಡಿಸಿಕೊಂಡು ಹೋಗುತ್ತಾರೆ. ಧೂಳನ್ನು ಎಂಜಿನ್ನೂ ಕುಡಿಯುತ್ತದೆ. ಪಿಸ್ಟನ್ ರಿಂಗು ಸವೆದು ಹೊಗೆ ಬಂದರೆ ಮ್ಯಾನೇಜರ್ ನಾಗರಾಜು ನಮ್ಮ ಶೆಡ್ಡಿಗೆ ತಂದು ಇಳಿಸುತ್ತಾರೆ. ಮಾವ ಮೂವತ್ತು ವರ್ಷ ಜೀಪು, ಪಂಪ್‌ಸೆಟ್ಟು, ಬುಲೆಟ್ಟು ಎಲ್ಲ ಬಿಚ್ಚಿ ಕಟ್ಟಿದವರು. ಮುನಿಶಾಮಯ್ಯ ಕೂರಿಸಿದ ಟೈಮಿಂಗ್ ಅಂದರೆ ರಾಮನಗರದಲ್ಲಿ ಯಾರೂ ಎರಡನೇ ಸಲ ನೋಡುತ್ತಿರಲಿಲ್ಲ.

ನಾನು ಡಿಪ್ಲೊಮಾ ಮೆಕ್ಯಾನಿಕಲ್. ಸೊಸೆ. ಸ್ಪ್ಯಾನರ್ ಕೊಡುವವಳು. ಗಂಡ ಮುನಿಕೃಷ್ಣ ಬಿಡದಿಯ ಫ್ಯಾಕ್ಟರಿಯಲ್ಲಿ ಶಿಫ್ಟು ಮುಗಿಸಿ ಬರುತ್ತಾರೆ, ಮನೆಯಲ್ಲೂ ನಟ್ಟು ಬೋಲ್ಟಿನ ಸುದ್ದಿ ಎತ್ತಿದರೆ ಅವರಿಗೆ ಸಿಟ್ಟು.

೫-೨, ಮಧ್ಯಾಹ್ನ

ಇವತ್ತು ಕ್ಯಾಮ್ ಟೈಮಿಂಗ್, ಅಂದರೆ ಪಿಸ್ಟನ್ನಿನ ಓಟಕ್ಕೆ ವಾಲ್ವು ತೆರೆದು ಮುಚ್ಚುವ ಹೊತ್ತು ಹೊಂದಿಸುವುದು. ಕಾಲೇಜಿನ ಬೋರ್ಡಿನ ಮೇಲೆ ಸುಲಭ — ಪಿಸ್ಟನ್ ತೀರಾ ಮೇಲೆ ಬಂದಾಗ ಫ್ಲೈವೀಲಿನ ಟಿ ಗೆರೆ ಕೇಸಿನ ಕಚ್ಚಿಗೆ ನೇರ ಇರಬೇಕು. ಆಗ ಮೇಲಿನ ಕ್ಯಾಮ್ ಚಕ್ರದ ಚುಕ್ಕೆ ಹೆಡ್ಡಿನ ಕಚ್ಚಿಗೆ ನೇರ. ಎರಡೂ ಕೂತಾಗ ಚೈನು ಹಾಕಬೇಕು. ಟಿ ಪಕ್ಕದಲ್ಲೇ ಇನ್ನೊಂದು ಗೆರೆ, ಎಫ್. ಅದು ಸ್ಪಾರ್ಕಿನದು. ಅದಕ್ಕೆ ಕೂರಿಸಿದರೆ ಒಂದು ಹಲ್ಲು ತಪ್ಪಿದ ಹಾಗೆ, ಸ್ಟಾರ್ಟ್ ಆಗಲು ಸತಾಯಿಸುತ್ತದೆ. ಎರಡು ಹಲ್ಲು ತಪ್ಪಿದರೆ ವಾಲ್ವು ಹೋಗಿ ಪಿಸ್ಟನ್ನಿಗೆ ಬಡಿಯುತ್ತದೆ, ಎಂಜಿನ್ ಗೋವಿಂದ.

ಮಾವ ಎಫ್‌ಗೆ ಕೂರಿಸಿದರು.

ಟಾರ್ಚು ಹಿಡಿದಿದ್ದವಳು ನಾನೇ. ಹೇಳಲಿಲ್ಲ. ಅವರು ಗೆರೆ ನೋಡಲೇ ಇಲ್ಲ, ನೋಡಿದ ಹಾಗೆ ಮಾಡಿದರು. ಆಮೇಲೆ ಪ್ಲಗ್ ತೂತಿಗೆ ಪೊರಕೆ ಕಡ್ಡಿ ಬಿಟ್ಟು, ಪಿಸ್ಟನ್ ಎಷ್ಟು ಮೇಲೆ ಬಂತು ಅಂತ ಬೆರಳಲ್ಲೇ ಅಂದಾಜು ಮಾಡಿದರು.

"ಬಂತು ನೋಡವ್ವ. ಕಡ್ಡಿ ನಿಂತ್ಕತು ಅಂದ್ರೆ ಬಂತು ಅಂತ. ಗೆರೆ ಗಿರೆ ಎಲ್ಲಾ ನಿಮ್ಮಂಥ ಓದಿದೋರ್ಗೆ."

"ಹೂಂ ಮಾವ" ಅಂದೆ. ಅದೂ ನಾನೇ.

ಸಕ್ಕರೆ ಕಾಯಿಲೆ ಕಣ್ಣಿನ ನರ ತಿಂದಿದೆ ಅಂತ ಡಾಕ್ಟರು ಹೇಳಿ ಮೂರು ತಿಂಗಳು. ಕನ್ನಡಕದಿಂದ ಆಗುವುದಿಲ್ಲವಂತೆ. ಮನೆಯಲ್ಲಿ ಎಲ್ಲರಿಗೂ ಗೊತ್ತು, ಯಾರೂ ಮಾತಾಡುವುದಿಲ್ಲ. ಕೆಲಸ ನಿಂತರೆ ಈ ಮನುಷ್ಯ ಉಳಿಯುವುದಿಲ್ಲ ಅಂತ ಅತ್ತೆಗೆ ಭಯ. ನನಗೂ.

ಅದೇ ದಿನ, ಸಂಜೆ ೫

ಮಾವ ಊಟ ಮಾಡಿ ಸ್ವಲ್ಪ ಮಲಗಿದರು. ಕ್ಯಾಮ್ ಚಕ್ರದ ಬೋಲ್ಟು ಬಿಚ್ಚಿದೆ. ಟಿ ಗೆರೆ ತಂದು, ಚೈನು ಎತ್ತಿ, ಒಂದು ಹಲ್ಲು ಸರಿಸಿ ಕೂರಿಸಿದೆ. ಕೈಯಲ್ಲಿ ಎರಡು ಸುತ್ತು ತಿರುಗಿಸಿದೆ. ನೇರ. ಹತ್ತು ನಿಮಿಷದ ಕೆಲಸ. ಮಾವ ಏಳುವ ಮುಂಚೆ ಸ್ಪ್ಯಾನರ್ ಒರೆಸಿ ಇದ್ದಲ್ಲೇ ಇಟ್ಟೆ.

ಎದ್ದು ಬಂದು ಸೆಲ್ಫ್ ಒತ್ತಿದರು. ಒಂದೇ ಸಲಕ್ಕೆ ಸ್ಟಾರ್ಟ್. ಮಾವ ನಗುವುದನ್ನು ನೋಡಿ ಎಷ್ಟು ದಿನವಾಗಿತ್ತು... ಅತ್ತೆಯನ್ನು ಕೂಗಿದರು.

"ಹನುಮಂತಮ್ಮೀ, ಬಾರೆ ಇಲ್ಲಿ. ಕಣ್ಣು ಹೋಯ್ತು ಅಂದ್ನಲ್ಲ ಡಾಕ್ಟ್ರು, ಹೇಳು ಅವನ್ಗೆ. ಬೆರಳಿಗೆ ಗೊತ್ತಾಯ್ತದೆ ಕಣೆ."

ಅತ್ತೆ ಸೆರಗಲ್ಲಿ ಕಣ್ಣು ಒರೆಸಿಕೊಂಡರು. ಪುಣ್ಯದ ಕೆಲಸ ಮಾಡಿದೆ ಅನ್ನಿಸಿತು. ನಿಜ ಬರೆಯುತ್ತೇನೆ — ಹೆಮ್ಮೆಯೂ ಆಯಿತು.

೧೨-೨

ಮಾವ ಊರೆಲ್ಲ ಹೇಳಿಕೊಂಡು ಬರುತ್ತಿದ್ದಾರೆ. ಟೀ ಅಂಗಡಿ ಚೆಲುವಯ್ಯನ ಮುಂದೆ ಕಣ್ಣು ಮುಚ್ಚಿಕೊಂಡು ಕಾರ್ಬೊರೇಟರ್ ಬಿಚ್ಚಿ ಜೋಡಿಸಿ ತೋರಿಸಿದರಂತೆ. ನಾನು ಟಾರ್ಚು ಹಿಡಿಯಲು ಹೋದರೆ, "ನೀನು ಒಳಗೆ ಹೋಗಿ ಕೂತ್ಕ ಮಗ, ಬೇಕಾದ್ರೆ ಕರೀತೀನಿ." ಕರೆಯಲಿಲ್ಲ.

ಹೇಳಿಬಿಡೋಣ ಅಂತ ಎರಡು ಸಲ ಬಾಯಿ ತೆರೆದೆ. ಏನಂತ ಹೇಳಲಿ.

೧೬-೨, ಶನಿವಾರ. ಗುಡೇಮಾರನಹಳ್ಳಿ

ಅವ್ವ ಜಾರಿ ಬಿದ್ದು ಕಾಲಿಗೆ ಪೆಟ್ಟು. ತವರಿಗೆ ಬಂದು ಎರಡು ದಿನ, ಇನ್ನೂ ಒಂದು ವಾರ ಇರಬೇಕು. ಹೊರಡುವಾಗ "ಟೈಮಿಂಗ್ ಕೆಲ್ಸ ಬಂದ್ರೆ ನಾನು ಬರೋವರ್ಗೂ ಬಿಡಿ ಮಾವ" ಅಂದೆ.

"ಯಾಕವ್ವ?"

"ಸುಮ್ನೆ ಮಾವ. ನಾನೂ ಕಲೀಬೇಕು."

ಎಷ್ಟು ಸಲೀಸಾಗಿ ಬರುತ್ತದೆ ನನಗೆ ಸುಳ್ಳು.

೨೫-೨, ಸೋಮವಾರ. ರಾಮನಗರ

ಬಸ್ಸಿಳಿದು ಬಂದರೆ ಹಾಡಹಗಲಲ್ಲಿ ಶೆಡ್ಡಿನ ಬಾಗಿಲು ಹಾಕಿತ್ತು.

ನಿನ್ನೆ ನಾಗರಾಜು ಮಾವನನ್ನು ಕ್ಯಾಂಪಿಗೇ ಕರೆದುಕೊಂಡು ಹೋಗಿದ್ದರಂತೆ. ಭಾನುವಾರ, ಜನ ಜಾಸ್ತಿ, ಅರ್ಧ ಬಿಚ್ಚಿಟ್ಟ ಗಾಡಿ ಅಲ್ಲೇ ಮುಗಿಸಿಕೊಡಿ ಅಂತ. ಕಣ್ಣು ಮುಚ್ಚಿ ಕೆಲಸ ಮಾಡುವ ಮೆಕ್ಯಾನಿಕ್ ಅಂತ ಬಂದವರಿಗೆಲ್ಲ ತೋರಿಸಿದ್ದಾರೆ. ಮಾವನೂ ಉಬ್ಬಿದ್ದಾರೆ. ಕಡ್ಡಿ ಬಿಟ್ಟು ಕೂರಿಸಿದರು. ಕೈಯಲ್ಲಿ ತಿರುಗಿಸಿದಾಗ ಒಂದು ಕಡೆ ಗಟ್ಟಿ ಹಿಡಿಯಿತಂತೆ, ಹೊಸ ರಿಂಗು ಹಾಗೇ ಇರುತ್ತದೆ ಅಂದುಕೊಂಡರಂತೆ. ಸೆಲ್ಫ್ ಒತ್ತಿದರು. ಒಂದು ಸಲ ಗುಟುರು ಹಾಕಿ, ಕಬ್ಬಿಣ ಬಡಿದ ಸದ್ದು, ನಿಂತೇಹೋಯಿತು. ಎರಡು ವಾಲ್ವೂ ಬಾಗಿವೆ.

"ಅಷ್ಟು ಜನದ ಎದ್ರಿಗೆ ಆ ನಾಗರಾಜು, ಕಣ್ಣು ಕಾಣ್ದೆ ಇದ್ರೆ ಯಾಕ್ರೀ ಬತ್ತೀರಾ ಅಂದ್ಬುಟ್ನಂತೆ ಕಣಮ್ಮಿ" ಅಂದರು ಅತ್ತೆ. "ಬಂದೋರು ಇನ್ನೂ ಕೈ ತೊಳ್ಕಂಡಿಲ್ಲ."

ಗ್ರೀಸಿನ ಕೈ ಮಡಿಲಲ್ಲಿಟ್ಟುಕೊಂಡು ಗೋಡೆ ಕಡೆ ತಿರುಗಿ ಕೂತಿದ್ದರು.

೨೬-೨

"ಪದ್ಮ. ಅವತ್ತಿನ ಗಾಡಿ ಹೆಂಗೆ ಸರಿ ಕೂತ್ಕತು?"

"ನೀವೇ ಕೂರ್ಸಿದ್ದಲ್ವಾ ಮಾವ."

"ಸುಳ್ಳು ಬ್ಯಾಡ. ನಾನು ಅವತ್ತೂ ಹಿಂಗೇ ಮಾಡ್ದೆ, ಮೊನ್ನೆನೂ ಹಿಂಗೇ ಮಾಡ್ದೆ."

ಹೇಳಿದೆ. ಎಲ್ಲ. ಬೈಯಲಿ ಅಂತ ಕಾದೆ. ಬೈಯಲಿಲ್ಲ.

"ಕಣ್ಣು ಹೋಗೈತೆ ಅಂತ ನಂಗೊತ್ತಿತ್ತು ಕಣವ್ವ. ಕೈ ಐತೆ ಅಂತ ನೀನು ನಂಬಿಸ್ಬುಟ್ಟೆ."

ಅತ್ತೆ ಬಾಗಿಲಲ್ಲಿ ನಿಂತಿದ್ದರು. ಅವತ್ತು ಟಾರ್ಚು ಹಿಡಿದಾಗ "ಮಾವ, ಅದು ಎಫ್" ಅಂದಿದ್ದರೆ ಸಾಕಿತ್ತು. ಒಂದು ಗಳಿಗೆ ಮುಖ ಸಪ್ಪಗಾಗುತ್ತಿತ್ತು, ಅಷ್ಟೇ. ನಾನು ನೋಡಿ ಹೇಳುವುದು, ಅವರು ಕೂರಿಸುವುದು — ಇನ್ನೂ ಹತ್ತು ವರ್ಷ ಹಾಗೇ ನಡೆಯುತ್ತಿತ್ತೋ ಏನೋ. ಅದನ್ನು ಹಾಳು ಮಾಡಿದವಳು ನಾನು.

೧೧-೩

ನಾಗರಾಜು ಅದೇ ಗಾಡಿಯನ್ನು ಶೆಡ್ಡಿಗೆ ಕಳಿಸಿದ್ದಾರೆ, ಹೊಸ ವಾಲ್ವಿನ ಜೊತೆ. ಫೋನಿನಲ್ಲಿ "ಮೇಡಂ, ನೀವೇ ಮಾಡಿ. ಅವರ ಕೈಗೆ ಕೊಡಬೇಡಿ" ಅಂದರು. ಮಾವ ಪಕ್ಕದಲ್ಲೇ ಇದ್ದರು. ಕೇಳಿಸಿತು.

ಹದಿನೈದು ದಿನವಾಯಿತು ಶೆಡ್ಡಿಗೆ ಕಾಲಿಟ್ಟು. ಜಗಲಿ ಮೇಲೆ ಕೂತಿರುತ್ತಾರೆ. ಊಟಕ್ಕೆ ಎರಡು ಸಲ ಕರೆಯಬೇಕು.

೧೩-೩, ಬೆಳಿಗ್ಗೆ ೧೧

ಟಿ ಗೆರೆ ನೇರ. ಚುಕ್ಕೆ ನೇರ. ಚೈನು ಹಾಕಿ ತಿರುಗಿಸಿದೆ. ಒಂದು ಕಡೆ ಗಟ್ಟಿ ಹಿಡಿದ ಹಾಗೆ... ಮತ್ತೆ ತಿರುಗಿಸಿದೆ. ಹೊಸ ರಿಂಗಿನ ಬಿಗಿಯೋ, ವಾಲ್ವು ತಗಲುತ್ತಿದೆಯೋ. ನಿಜವಾಗಿಯೂ ತಿಳಿಯುತ್ತಿಲ್ಲ. ಇದನ್ನು ಯಾವ ಕಾಲೇಜಿನಲ್ಲೂ ಹೇಳಿಕೊಟ್ಟಿಲ್ಲ.

ಜಗಲಿಗೆ ಹೋದೆ. "ಮಾವ, ಒಂದ್ಸಲ ತಿರುಗ್ಸಿ ನೋಡಿ ಬನ್ನಿ. ನಂಗೆ ಗೊತ್ತಾಗ್ತಿಲ್ಲ."

ಮುಖ ಇತ್ತ ತಿರುಗಿಸಿದರು. ಕಣ್ಣು ನನ್ನ ಭುಜದ ಹತ್ತಿರ ಎಲ್ಲೋ ನಿಂತಿತು.

"ನಿಜ್ವಾಗ್ಲೂ ಗೊತ್ತಾಗ್ತಿಲ್ವೋ, ನನ್ನ ಸಮಾಧಾನಕ್ಕೆ ಕರೀತಿದ್ದೀಯೋ... ಅದು ನಂಗೆ ಹೆಂಗವ್ವ ಗೊತ್ತಾಗ್ಬೇಕು?"

"ನಿಜ ಮಾವ" ಅಂದೆ.

ಎದ್ದು ಗೋಡೆ ಹಿಡಿದುಕೊಂಡು ಒಳಗೆ ಹೋದರು.

ಸೆಲ್ಫ್ ಒತ್ತಿಲ್ಲ. ಗಾಡಿ ಪಕ್ಕದಲ್ಲೇ ಕೂತು ಬರೆಯುತ್ತಿದ್ದೇನೆ. ಒತ್ತಬೇಕೋ, ಮತ್ತೆ ಬಿಚ್ಚಬೇಕೋ. ಇನ್ನೊಂದು ಸಲ ಹೋಗಿ ಕೇಳೋಣ ಅಂದರೆ —