ಹತ್ತರಗಿಯಲ್ಲಿ ಈ ಹೆಸರಿನವರಿಲ್ಲ

ಜನವರಿ 6, ಮಂಗಳವಾರ. ಗೋಕಾಕ, ಹಾಸ್ಟೆಲ್
ಅನಾಟಮಿ ಇಂಟರ್ನಲ್ ಮುಗೀತು. ಹಾಳಾಗೇತಿ ಅನಸ್ತದ. ಕ್ಲಾಸ್ ಬಿಟ್ಟ ಮ್ಯಾಲೆ ಮತ್ತ ಡಾಕ್ಟರ್ ಶೋಭಾ ಮೇಡಂ ರೂಮು. ಗರ್ಭ ಮ್ಯಾಲಿಂದ ಮ್ಯಾಲೆ ಯಾಕ ಇಳೀತದ ಅಂತ ಅವರ ಸ್ಟಡಿ. ಗೋಕಾಕ, ಮೂಡಲಗಿ, ಹುಕ್ಕೇರಿ — ಮೂರು ತಾಲೂಕು. ಎರಡು, ಮೂರು ಸಲ ಕಳಕೊಂಡವರ ರಕ್ತ ಟೆಸ್ಟ್ ಮಾಡ್ಯಾರ. ನಂದು ಬರೀ ಟೈಪಿಂಗ್. ನರ್ಸಿಂಗ್ ಫಸ್ಟ್ ಇಯರ್‌ನಲ್ಲಿ ಎಕ್ಸೆಲ್ ಬರೋದು ನನಗೊಬ್ಬಳಿಗೇ. “ಆಮ್ರಪಾಲಿ, ಒಂದು ಹೆಸರೂ ಹೊರಗ ಹೋಗಬಾರದು” ಅಂತ ಸೈನ್ ಮಾಡಿಸ್ಕೊಂಡ್ರು.

ಜನವರಿ 9
ಪೆಂಡಿಂಗ್ ಲಿಸ್ಟ್. ರಿಪೋರ್ಟ್ ಬಂದಾವ, ಹೇಳಬೇಕಂದ್ರ ಮಂದಿ ಸಿಗವಲ್ಲರು.
ಒಂದು ಸಾಲು — ಗುಡ್ಡವ್ವ, 23, ಮೂಡಲಗಿ ಕಡೆ ಹಳ್ಳಿ. ಎರಡು ಬಸಿರು, ಎರಡೂ ನಾಲ್ಕನೇ ತಿಂಗಳಲ್ಲಿ ಹೋಗ್ಯಾವ. ಪಾಸಿಟಿವ್. ಆಧಾರ್ ನೋಡಿ ಫಾರ್ಮ್ ತುಂಬ್ಯಾರ, ಅಪ್ಪನ ಹೆಸರಷ್ಟೇ ಐತಿ. ಆ ಹಳ್ಳಿ ಆಶಾ ಕಾರ್ಯಕರ್ತೆ ಬರದಾರ: ತವರುಮನಿ ಬೀಗ, ಕಬ್ಬು ಕಡಿಯಾಕ ಹೋಗ್ಯಾರ. ತವರಿನ ಫೋನ್ ಸ್ವಿಚ್ ಆಫ್. ಗಂಡನ ಊರು ಹತ್ತರಗಿ.
ನಮ್ಮೂರು!
“ಮೇಡಂ, ನಮ್ಮೂರಾಗ ಗುಡ್ಡವ್ವ ಅಂತ ಯಾರೂ ಇಲ್ರಿ.”
“ಖರೆ?”
“ಹೂಂ ರಿ. ಹುಟ್ಟಿದೂರು ರಿ ನಂದು.”
“ಹಂಗಾದ್ರ ಕ್ಲೋಸ್ ಮಾಡು.”
‘ಸಿಗಲಿಲ್ಲ’ ಅಂತ ಟೈಪ್ ಮಾಡಿದೆ. ಪಾಸಿಟಿವ್ ಅಂದ್ರ ಏನು ಅಂತ ಆಮೇಲೆ ಕೇಳಿದೆ. ಕೂಸಿಗೆ ರಕ್ತ ಹೋಗೋ ದಾರ್ಯಾಗ ಗಡ್ಡೆ ಕಟ್ಟತೈತಂತ. ಬಸಿರಾದ ಕೂಡಲೇ ದಿನಾ ಒಂದು ಇಂಜೆಕ್ಷನ್, ಒಂದು ಸಣ್ಣ ಗುಳಿಗಿ. ಶುರು ಮಾಡಿದ್ರ ಭಾಳಷ್ಟು ಕೂಸು ಉಳೀತಾವ. ಇಲ್ಲಂದ್ರ ಮತ್ತ ಅದೇ.

ಜನವರಿ 25, ಭಾನುವಾರ. ಹತ್ತರಗಿ
ಎರಡು ದಿನ ರಜೆ. ಅಣ್ಣನ ಹೆಂಡ್ತಿ ಅನು ವೈನಿ ವಗ್ಗರಣಿ ವಾಸನಿಗೆ ಹಿತ್ತಲಕ್ಕ ಓಡಿದ್ಲು. ಹಿಂದ ಹೋದೆ.
“ಏನ್ ನೋಡ್ತಿ ಡಾಕ್ಟರಮ್ಮ?” ನಕ್ಕಳು. “ಮೂರು ತುಂಬಾಕ ಬಂತು. ಐದು ಆಗೂ ಮಟಾ ಬಾಯಿ ಬಿಡಬ್ಯಾಡ.”
ಖುಷಿಯಾಗಿ ಅಪ್ಪಿಕೊಂಡೆ. ಆಕಿ ಅಪ್ಪಿಕೊಳ್ಳಲಿಲ್ಲ.
“ಎರಡು ಸಲ ಹೋಗೇತಿ. ನಿನಗ ಯಾರೂ ಹೇಳಿಲ್ಲೇನು?”
ಯಾರು ಹೇಳಬೇಕು. ಆರನೇತ್ತಿಂದ ಹಾಸ್ಟೆಲ್ ನಾನು. ಅಣ್ಣನ ಮದುವಿಗೂ ಬಂದಿರಲಿಲ್ಲ, ಬೋರ್ಡ್ ಎಕ್ಸಾಮ್.

ಅದೇ ದಿನ, ಸಂಜಿ
ವೈನಿ ಅವ್ವನ ಫೋನ್ ಬಂತು, ಕಬ್ಬಿನ ಹೊಲದಿಂದ. ವೈನಿ ರೊಟ್ಟಿ ಬಡೀತಿದ್ಲು, ಸ್ಪೀಕರ್ ಹಾಕಿದ್ಲು.
“ಗುಡ್ಡೂ, ಉಂಡೇನವ್ವಾ?”
ಗುಡ್ಡೂ ಅಂದ್ರ ಯಾರು ಅಂದೆ.
“ನಾನಽ. ಗುಡ್ಡವ್ವ. ಅನುರಾಧಾ ಅಂತ ಮದುವ್ಯಾಗ ಅಕ್ಕಿಕಾಳು ಹಾಕೋ ದಿನಾ ನಿಮ್ಮವ್ವ ಇಟ್ಟಿದ್ದು. ಆಧಾರದಾಗ ಇನ್ನೂ ಹಳೇದಽ ಐತಿ.”
ಸೊಸಿ ಬಂದ್ರ ಹೆಸರು ಬದಲಿ. ನಮ್ಮ ಓಣ್ಯಾಗ ಎಲ್ಲಾರ ಮನ್ಯಾಗೂ ಹಂಗೇ. ನನಗ ಗೊತ್ತಿದ್ದದ್ದೇ. ಗೊತ್ತಿದ್ದದ್ದೇ!
ಹದಿನಾರು ದಿನ. ನಾನೇ ಕ್ಲೋಸ್ ಮಾಡೀನಿ.

ಜನವರಿ 26
ಸೈನ್ ಮಾಡಿದ ಕಾಗದ ಹಾಳಾಗಿ ಹೋಗಲಿ. ವೈನಿಗೆ ಎಲ್ಲಾ ಹೇಳಿದೆ. ಆಕಿ ನಮ್ಮವ್ವನ ಮುಖ ನೋಡಿದ್ಲು.
ಅವ್ವ: “ಹೋದ ಸಲ ಲಗೂನ ದವಾಖಾನಿಗೆ ಹೋದ್ವಿ. ಊರೆಲ್ಲಾ ತಿಳೀತು. ಎಂಟು ದಿನಕ್ಕ ಹೋತು. ಐದು ತುಂಬಲಿ.”
“ಅವ್ವಾ, ಐದರ ಮಟಾ ಉಳಿಯಂಗಿಲ್ಲ—”
“ಬಾಯಿ ತೊಳಕೋ! ಆರು ತಿಂಗಳ ಕಾಲೇಜು ಕಲತು ನನಗ ಬಸಿರು ಕಲಸಾಕ ಬಂದ್ಲು.”
ವೈನಿ ಗಂಡ, ನಮ್ಮ ಸೂರಜಣ್ಣ, ಎದ್ದು ಹೊರಗ ನಡದ.

ಜನವರಿ 28
ಮೇಡಂಗೆ ಹೇಳಿದೆ. ಬೈತಾರ ಅಂದ್ಕೊಂಡಿದ್ದೆ. ಬೈಲಿಲ್ಲ — ಅದೇ ಹೆದರಿಕಿ. ಕ್ಯಾಲೆಂಡರ್ ನೋಡಿದ್ರು. “ನಾಳೇನೇ ಕರ್ಕೊಂಡು ಬಾ.”
ಸಂಜಿ ಮೇಡಂ ತಾವೇ ಮನಿಗೆ ಫೋನ್ ಮಾಡಿದ್ರು. ಅವ್ವ ಕಟ್ ಮಾಡಿದ್ಲು.

ಫೆಬ್ರವರಿ 1
ಅಣ್ಣಗ ಹನ್ನೊಂದು ಸಲ ಫೋನ್. “ಅವ್ವನ್ನ ಕೇಳ್ತೀನಿ.”

ಫೆಬ್ರವರಿ 9
ವೈನಿ ತಾನೇ ಫೋನ್ ಮಾಡಿದ್ಲು. ಸಣ್ಣ ದನಿ.
“ನಿಮ್ಮವ್ವಗ ಹೇಳೇನಿ, ಹೊಟ್ಟಿ ನಂದು, ದವಾಖಾನಿಗೆ ಹೋಗ್ತೀನಿ ಅಂತ. ನಾಳೆ ಮುಂಜಾನಿ ಬಸ್ಸಿಗೆ ಬರ್ತೇವಿ.”
ಅತ್ತುಬಿಟ್ಟೆ. ಥ್ಯಾಂಕ್ಯೂ ಅಂದೆ, ಯಾಕೋ.
“ಆಮ್ರಾ... ನಿನ್ನಿಯಿಂದ ನಡಾ ಹಿಡದಂಗ ಆಗೇತಿ. ಅದಕ್ಕೇನಾರ...?”
ಏನಿಲ್ಲ ಅಂದೆ. ನಾನ್ಯಾರು ಏನಿಲ್ಲ ಅನ್ನಾಕ?

ಫೆಬ್ರವರಿ 10, ಮುಂಜಾನಿ 11.20. ಸ್ಕ್ಯಾನ್ ರೂಮಿನ ಹೊರಗ
ನಾಲ್ಕನೇ ತಿಂಗಳು ಹತ್ತೇತಿ. ಮೊದಲ ಸ್ಕ್ಯಾನ್, ಬಡಿತ ನೋಡಿ ಆಮೇಲೆ ಇಂಜೆಕ್ಷನ್. ಐದು ನಿಮಿಷ ಅಂದಿದ್ರು.
ಅವ್ವಾನೂ ಬಂದಾಳ. ಸೆರಗು ತಲಿ ಮ್ಯಾಲೆ. ಅಣ್ಣ ಚೀಟಿ ಮಾಡಸಾಕ ಕೆಳಗ ಹೋಗ್ಯಾನ.

11.35
ಇನ್ನೂ ಒಳಗ. ಬ್ಯಾರೆ ಡಾಕ್ಟರ್ ಒಬ್ಬರು ಒಳಗ ಹೋದ್ರು.

11.42
ಶೋಭಾ ಮೇಡಂ ಹೊರಗ ಬಂದ್ರು. ಎದ್ದು ನಿಂತೆ. ನನ್ನ ನೋಡಲಿಲ್ಲ. ಅವ್ವನ ಬಾಜೂ ಕೂತ್ರು, ಅವ್ವನ ಕೈ ತಮ್ಮ ಕೈಯಾಗ ತಗೊಂಡ್ರು. “ನಿಮ್ಮ ಮಗನ್ನ ಕರೀರಿ” ಅಂದ್ರು. ಅವ್ವ ನನ್ನ ಕಡೆ ತಿರುಗಿ, “ಆವತ್ತೇ ಬಂದಿದ್ರ ಕೂಸಿನ ಬಡಿತ ಇರತಿತ್ತೇನು?” ಅಂದ್ಲು.